ನಡುಗುವ ಕಾರಿನ ಶುಶ್ರೂಷೆ

ಕೆಲವರ ಬದುಕಿನಲ್ಲಿ ಕಳ್ಳತನ ಆಗುತ್ತದೆ, ಕೆಲವರಿಗೆ ಲಾಟರಿ ಹೊಡೆಯುತ್ತದೆ; ನನಗೆ ಒದಗಿಬರುವುದು ಯಾವಾಗಲೂ ಇಂಥ ಪ್ರಸಂಗಗಳು. ಮಧ್ಯಾಹ್ನ ಊಟವಾಗಿ ಕಿಟಕಿಯ ಬಳಿ ಕುಳಿತು ಕಣ್ಣು ಮುಚ್ಚಿದರೆ ಒಂದರ ಹಿಂದೆ ಒಂದು ತೇಲಿಬರುತ್ತವೆ. ಕಾರಣವಿಲ್ಲದೆ ನಗುವುದು ನನ್ನ ಅಭ್ಯಾಸವಲ್ಲ. ಆದರೆ ಕಣ್ಣು ಮುಚ್ಚಿರುವಾಗ ತುಟಿಗಳ ಮೇಲೆ ಶಿಸ್ತು ಇಡುವುದು ಕಷ್ಟ.

ಆಗ ನಾನು ಕಾಸರಗೋಡಿನ ಒಂದು ಆಸ್ಪತ್ರೆಯಲ್ಲಿ ಮೇಟ್ರನ್, ದಾದಿಯರಿಗೆಲ್ಲ ಮೇಲಿನವಳು. ಮನೆ ಪೆರ್ಲದ ಕಡೆ, ಉದ್ದದ ಒಂದು ಇಳಿಜಾರು ಮುಗಿಯುವಲ್ಲಿ. ಬಿಳಿ ಬಣ್ಣದ ಸಣ್ಣ ಕಾರು ಇತ್ತು, ಓಡಿಸುವವಳು ನಾನೇ. ಮಂಗಳೂರಿನ ಕಾನ್ವೆಂಟಿನಲ್ಲಿ ಬೆನ್ನು ಕುರ್ಚಿಗೆ ತಾಗದಂತೆ ಕೂರಲು ಕಲಿಸಿದ್ದರು. ಕಾರಿನಲ್ಲಿಯೂ ನನ್ನ ಬೆನ್ನು ಸೀಟಿಗೆ ತಾಗುವುದಿಲ್ಲ.

ನಾಡಿ

ಒಂದು ಬೆಳಿಗ್ಗೆ ಮುರಕಲ್ಲಿನ ಪಾರೆಯ ಕೆಂಪು ಬಂಡೆಬಯಲಿನ ಮೇಲೆ ಮಂಜು ಇಸ್ತ್ರಿ ಮಾಡಿದ ಬೆಡ್‌ಶೀಟಿನ ಹಾಗೆ ಒಂದು ಸುಕ್ಕೂ ಇಲ್ಲದೆ ಹಾಸಿತ್ತು. ಕಾರು ಅದರೊಳಗೆ ಮೆಲ್ಲನೆ ಇಳಿಯುತ್ತಿತ್ತು. ಶಾಲೆಯ ಮಕ್ಕಳು ರಸ್ತೆ ದಾಟುವುದು ಕಂಡು ಬ್ರೇಕು ಒತ್ತಿದೆ. ಸ್ಟಿಯರಿಂಗ್ ನನ್ನ ಕೈಯೊಳಗೆ ನಡುಗಿತು, ನಿದ್ದೆಯಲ್ಲಿ ಬೆಚ್ಚಿದ ಕೂಸಿನ ಹಾಗೆ. ಬ್ರೇಕು ಬಿಟ್ಟೆ, ನಡುಕ ನಿಂತಿತು. ಮತ್ತೆ ಒತ್ತಿದೆ, ಮತ್ತೆ ನಡುಗಿತು. ರೋಗಿಯ ಮಣಿಕಟ್ಟು ಹಿಡಿದಂತೆ ಬೆರಳನ್ನು ಹಗುರವಾಗಿ ಇಟ್ಟು ನೋಡಿದೆ. ವೇಗ ಹೆಚ್ಚಿದ್ದರೆ ನಾಡಿ ಬೇಗ, ವೇಗ ಇಳಿದರೆ ನಾಡಿಯೂ ನಿಧಾನ.

ಆ ಭಾನುವಾರ ನನ್ನ ಯಜಮಾನರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೋದೆ. ಅವರು ಸಂಗೀತ ಕಛೇರಿ ಕೇಳುವವರ ಹಾಗೆ ಕಣ್ಣು ಮುಚ್ಚಿ ತಲೆ ವಾಲಿಸಿದರು. ಇಳಿಜಾರಿನಲ್ಲಿ ಬ್ರೇಕು ಒತ್ತಿದೆ. ಅವರ ಗಲ್ಲ ಸಣ್ಣಗೆ ಅದುರಿತು.

"ಇದು ಕಾರಿನ ತೊಂದರೆ ಅಲ್ಲ" ಎಂದರು.

"ಮತ್ತೆ ಎಂತದ್ದು?"

"ನೀನು ಬ್ರೇಕು ಒತ್ತುವ ರೀತಿ. ಮಳೆ ಹಿಡಿಯುವುದರೊಳಗೆ ಸರಿಯಾಗದಿದ್ದರೆ ಒಬ್ಬ ಡ್ರೈವರನ್ನು ಇಡುವ. ನೀನು ಹಿಂದೆ ಕೂತರಾಯಿತು."

ನಲವತ್ತು ದಾಟಿದ ಮೇಲೆ ಲೈಸೆನ್ಸ್ ಪಡೆದವಳು ನಾನು. ಮನೆಯಲ್ಲಿ ಸೊಸೆ, ಆಸ್ಪತ್ರೆಯಲ್ಲಿ ಮೇಟ್ರನ್. ನಡುವಿನ ಆ ದಾರಿಯಲ್ಲಿ ಮಾತ್ರ ನಾನು ಯಾರೂ ಅಲ್ಲ. ಗದ್ದೆಯ ಮೇಲಿನ ಬೆಳಕು, ಬಾಗಿಲು ತೆರೆಯದ ಅಂಗಡಿಗಳು, ಹೊಗೆ ಬಿಡುವ ಚಹಾದ ಗೂಡುಗಳು ಒಂದು ದೊಡ್ಡ ಕನಸಿನಂತೆ ನನಗಾಗಿ ಸರಿಯುತ್ತಿದ್ದವು. ಹಿಂದಿನ ಸೀಟಿನಲ್ಲಿ ಕೂತವಳಿಗೆ ಕಾಣುವುದು ಡ್ರೈವರನ ಕುತ್ತಿಗೆ.

"ಬ್ರೇಕು ಒತ್ತುವುದಕ್ಕೆ ಎಷ್ಟು ರೀತಿ ಉಂಟು?" ಎಂದು ಕೊನೆಗೆ ಕೇಳಿದೆ.

"ಬೇರೆಯವರು ಒತ್ತುತ್ತಾರೆ. ನೀನು ಅದಕ್ಕೆ ಆರ್ಡರ್ ಕೊಡ್ತೀ. ಅದು ಹೆದರಿ ನಡುಗುತ್ತದೆ."

ಕೈ ತೊಳೆದದ್ದು

ನಾಯ್ಮಾರ್ಮೂಲೆಯಲ್ಲಿ ಬಾದಾಮಿ ಮರದ ಕೆಳಗೆ ಒಂದು ವರ್ಕ್‌ಶಾಪ್ ಇತ್ತು. ಅಲ್ಲಿನ ಮೆಕ್ಯಾನಿಕ್ ತನ್ನ ಕೆಲಸದ ಬಗ್ಗೆ ತಾನೇ ಭಾಷಣ ಮಾಡಬಲ್ಲವ. ನಾನು ನಿಂತುಕೊಂಡೇ ರೋಗದ ಪೂರ್ವವೃತ್ತಾಂತ ಒಪ್ಪಿಸಿದೆ: ಬ್ರೇಕು ಒತ್ತಿದಾಗ ಮಾತ್ರ, ಇಳಿಜಾರಿನಲ್ಲಿ ಜಾಸ್ತಿ, ಸ್ಟಿಯರಿಂಗಿನಲ್ಲಿ ಸ್ಪಷ್ಟ, ಸೀಟಿನಲ್ಲಿ ಅಷ್ಟಿಲ್ಲ.

"ಸಿಸ್ಟರೇ, ನಿಮ್ಮ ಹಾಗೆ ಹೇಳುವವರು ಸಿಕ್ಕಿದರೆ ನಾನು ಕಾರನ್ನು ನೋಡುವುದೇ ಬೇಡ" ಎಂದ. "ಮುಂದಿನ ಚಕ್ರದ ಡಿಸ್ಕ್ ಸೊಟ್ಟ ಆಗಿದೆ. ಹಿಂದಿನದ್ದಾದರೆ ಸೀಟು ನಡುಗಬೇಕಿತ್ತು."

ಚಕ್ರ ಬಿಚ್ಚಿ ತೋರಿಸಿದ. ಒಳಗೆ ಒಂದು ಕಬ್ಬಿಣದ ತಟ್ಟೆ. ಬ್ರೇಕು ಒತ್ತಿದಾಗ ಎರಡು ಪ್ಯಾಡ್‌ಗಳು ಅದನ್ನು ಎರಡೂ ಕಡೆಯಿಂದ ಹಿಡಿಯುತ್ತವೆ. ತಟ್ಟೆ ಕಾಗದದ ದಪ್ಪದಷ್ಟು ಬಾಗಿದರೂ ಸಾಕು, ತಿರುಗುವಾಗ ಪ್ಯಾಡನ್ನು ದೂಡುತ್ತದೆ, ಆ ದೂಡುವಿಕೆಯೇ ನಡುಕವಾಗಿ ಕೈಗೆ ಬರುತ್ತದೆ. ಕಾಗದದಷ್ಟು ಸೊಟ್ಟವನ್ನೂ ಸಹಿಸದ ವಸ್ತು ಲೋಕದಲ್ಲಿ ನನ್ನ ಹೊರತು ಇನ್ನೊಂದು ಇದೆ ಎಂದು ತಿಳಿದು ಸಮಾಧಾನವಾಯಿತು.

ಅವನು ಹೊಸ ಡಿಸ್ಕ್‌ಗೆ ಕೈ ಹಾಕುವಾಗ ತಡೆದೆ. "ಮೊದಲು ಕೈ ತೊಳೆಯಿರಿ."

"ಆಮೇಲೆ ತೊಳೆಯುವುದಲ್ಲವಾ ಸಿಸ್ಟರೇ?"

"ಮೊದಲೂ, ಆಮೇಲೂ. ಎಣ್ಣೆಯ ಬೆರಳು ತಾಗಿದರೆ ಬ್ರೇಕು ಹಿಡಿಯುತ್ತದಾ?"

ಅವನು ನಲ್ಲಿಯ ಕಡೆ ನಡೆದ. ಸೋಪು ಹಾಕಿ ಮೊಣಕೈವರೆಗೆ ತೊಳೆದ. ಉಗುರನ್ನೂ ನಾನು ನೋಡಿಯೇ ಬಿಟ್ಟೆ. ಸರದಿಗೆ ಕಾದಿದ್ದ ರಿಕ್ಷಾದವ ಇದನ್ನೆಲ್ಲ ನೋಡುತ್ತಿದ್ದ. ಮೆಲ್ಲಗೆ ಕೇಳಿದ: "ಹಾಗಾದರೆ ಮಾರಾಯ, ನನ್ನ ರಿಕ್ಷಾಕ್ಕೆ ಇಷ್ಟು ವರ್ಷ ಕೈ ತೊಳೆಯದೆ ಆಪರೇಶನ್ ಮಾಡಿದ್ದಾ ನೀನು?"

ಮರಳುಗಾಡಿನಿಂದ ಬಂದವರು

ಕೆಲವು ದಿನ ಕಾರು ಚಂದ್ರಗಿರಿ ಹೊಳೆಯ ದೋಣಿಯಂತೆ ಹೋಯಿತು. ಆಮೇಲೆ ಒಂದು ಸಂಜೆ, ಆಕಾಶ ಕೇಸರಿಬಾತಿನ ಬಣ್ಣಕ್ಕೆ ತಿರುಗುವ ಹೊತ್ತು, ಬ್ರೇಕಿನಲ್ಲಿ ಅದೇ ಹಳೆಯ ನಾಡಿ ಎದ್ದಿತು.

ಯಜಮಾನರು ಮರುದಿನವೇ ಒಬ್ಬ ಡ್ರೈವರನ್ನು ಕರೆಸಿದರು. ಗಲ್ಫಿನಲ್ಲಿ ಬಹಳ ಕಾಲ ನೀರಿನ ಲಾರಿ ಓಡಿಸಿ ಊರಿಗೆ ಮರಳಿದವರು, ಮಾತು ಕಡಿಮೆ. ನಾನು ಮುಂದಿನ ಸೀಟಿನಲ್ಲಿ ಕೂತೆ, ಯಜಮಾನರು ಹಿಂದೆ. ಡ್ರೈವರು ಸ್ಟಿಯರಿಂಗ್ ಹಿಡಿದ ಕ್ಷಣವೇ ದೂರದ ಒಂದು ಶಾಂತಿ ಅವರ ಮುಖಕ್ಕೆ ಇಳಿಯಿತು, ಮುಂದೆ ಕಣ್ಣು ಮುಟ್ಟುವವರೆಗೆ ಮರಳು ಹಾಸಿದ ಹಾಗೆ. ಪೇಟೆಯ ತಿರುವು ದಾಟಿದ್ದೇ ಕಾರು ಆ ಶಾಂತಿಯಲ್ಲಿಯೇ ಮೆಲ್ಲನೆ, ಗಲ್ಫಿನ ರೂಢಿಯಂತೆ, ರಸ್ತೆಯ ಬಲಗಡೆಗೆ ಸರಿದು ಅಲ್ಲಿಯೇ ನೆಲೆಸಿತು.

ಎದುರಿನಿಂದ ಪುತ್ತೂರಿನ ಬಸ್ಸು ಬರುತ್ತಿತ್ತು.

"ಎಡಕ್ಕೆ" ಎಂದೆ. ವಾರ್ಡಿನಲ್ಲಿ ಬಳಸುವ ಸ್ವರದಲ್ಲಿ.

ಅವರು ಎಡಕ್ಕೆ ತಂದು ಬ್ರೇಕು ಒತ್ತಿದರು. ಕಾರು ಗಡಗಡ ನಡುಗಿ ನಿಂತಿತು. ಬಸ್ಸಿನ ಡ್ರೈವರ್ ತಲೆ ಹೊರಗೆ ಹಾಕಿ ನಮ್ಮ ವಂಶಕ್ಕೆ ತುಳುವಿನಲ್ಲಿ ಕೆಲವು ವಿಶೇಷಣ ಕೊಟ್ಟು ಹೋದ.

ಗಲ್ಫಿನವರು ಕೇಳಿದರು, "ಕಾರು ಮೊದಲಿನಿಂದಲೂ ಹೀಗೆ ನಡುಗುತ್ತದಾ?"

ಹಿಂದಿನ ಸೀಟಿನಿಂದ ಯಜಮಾನರ ಬತ್ತಿದ ಸ್ವರ ಬಂತು: "ಈಗ ನಡುಗಿದ್ದು ಕಾರಲ್ಲ. ನಾನು."

ಆದರೂ ಯಜಮಾನರು ಡ್ರೈವರನ್ನು ಇಡುವ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ಇವರಲ್ಲದಿದ್ದರೆ ಇನ್ನೊಬ್ಬರು ಎಂದರು.

ಮೈಲಿಗೆ ಬಿಡುವ ಶಬ್ದ

ನಡುಕ ಮರಳಿದೆ ಎಂದಾಗ ಮೆಕ್ಯಾನಿಕ್‌ಗೆ ಅವಮಾನವಾಯಿತು. "ನಾನು ಕೂರಿಸಿದ ಡಿಸ್ಕ್ ಇಷ್ಟು ಬೇಗ ಬಾಗುವುದಾ? ನೀವು ಎಂತದೋ ಮಾಡ್ತೀರಿ. ನಾನೇ ಜೊತೆಗೆ ಬಂದು ನೋಡ್ತೇನೆ" ಎಂದು ಸಂಜೆ ಕಾರಿನಲ್ಲಿ ಕೂತ. ದಾರಿಯುದ್ದಕ್ಕೂ ನನ್ನ ಬಲಗಾಲನ್ನೇ ನೋಡಿದ. ಬೇರೆ ಸಂದರ್ಭದಲ್ಲಿ ನಾನು ಇದನ್ನು ಸಹಿಸುತ್ತಿರಲಿಲ್ಲ. ಮನೆಯ ಗೇಟು ಬಂದಾಗ, "ಕಾಲು ಬಂಗಾರ. ತಪ್ಪು ಇಲ್ಲ" ಎಂದು ನಿಟ್ಟುಸಿರು ಬಿಟ್ಟ.

ನಮ್ಮಲ್ಲಿ ಆಸ್ಪತ್ರೆಯಿಂದ ಬಂದವರು ಹಿತ್ತಿಲಿನಿಂದ ಹೋಗಿ, ಮಿಂದು ಒಳಗೆ ಬರಬೇಕು. ಅತ್ತೆಯ ನಿಯಮ. ಹಾಗಾಗಿ ಕಾರು ನಿಲ್ಲಿಸಿದ ಮೇಲೆ ಮುಂಬಾಗಿಲಲ್ಲಿ ಏನಾಗುತ್ತದೆಂದು ನಾನು ಒಮ್ಮೆಯೂ ಕಂಡವಳಲ್ಲ. ಯಜಮಾನರು ಆ ಹೊತ್ತಿಗೆ ಪೇಟೆಗೆ ಹೋಗಿರುತ್ತಾರೆ. ಅಂದು ಮೆಕ್ಯಾನಿಕ್ ಇದ್ದುದರಿಂದ ನಾನೂ ಅಂಗಳದಲ್ಲಿ ನಿಂತೆ.

ಅತ್ತೆ ದೊಡ್ಡ ಚೆಂಬಿನಲ್ಲಿ ಬಾವಿಯ ನೀರು ಹಿಡಿದು ಬಂದರು. ಬಾಗಿ, ಬಲಗಡೆಯ ಮುಂಚಕ್ರದ ತೂತುಗಳೊಳಗೆ ಶ್ರದ್ಧೆಯಿಂದ ಸುರಿದರು. ಚುಂಯ್ ಎಂದಿತು. ಸಂಜೆಯ ಬಿಸಿಲಿನಲ್ಲಿ ಬಿಳಿ ಹಬೆ ಧೂಪದ ಹಾಗೆ ಎದ್ದು ಅವರ ಮುಖವನ್ನು ಮುಚ್ಚಿತು. ಹಬೆಯೊಳಗಿನಿಂದ ಅವರ ಸಂತೃಪ್ತ ಸ್ವರ ಕೇಳಿತು.

"ಶಬ್ದ ಕೇಳಿದಿರಾ? ದಿನಾಲೂ ಹೀಗೆಯೇ. ಆಸ್ಪತ್ರೆಯ ಮೈಲಿಗೆ ಎಷ್ಟು ಜೋರಾಗಿ ಬಿಟ್ಟು ಹೋಗುತ್ತದೆ ನೋಡಿ."

ಮೆಕ್ಯಾನಿಕ್ ತಲೆಯ ಮೇಲೆ ಕೈಯಿಟ್ಟ. ಇಡೀ ದಾರಿಯ ಇಳಿಜಾರುಗಳಲ್ಲಿ ಬ್ರೇಕು ಹಿಡಿದು ಕಾದ ಕಬ್ಬಿಣ. ಅದರ ಮೇಲೆ ಬಾವಿಯ ತಣ್ಣೀರು. ಬಾಗದೆ ಏನು ಮಾಡೀತು? ಮೊದಲು ಕಾರು ಗೇಟಿನ ಹತ್ತಿರ ನಿಲ್ಲುತ್ತಿತ್ತು. ಆ ವರ್ಷ ಮನೆಗೆ ತಾಗಿಕೊಂಡು ಕಾರು ನಿಲ್ಲಲು ಶೀಟಿನ ಚಾವಣಿಯ ಒಂದು ಮಾಡು ಇಳಿಸಿದ್ದೆವು. ಅತ್ತೆಯ ಲೆಕ್ಕದಲ್ಲಿ, ಮನೆಯ ಮಾಡಿನೊಳಗೆ ಬರುವವರು ಕಾಲು ತೊಳೆಯಬೇಡವೇ?

"ಹಿಂದಿನ ಚಕ್ರಗಳಿಗೆ ಯಾಕೆ ಹಾಕಲಿಲ್ಲ ಅಮ್ಮ?" ಎಂದು ಅವನು ಕೇಳಿದ.

"ಮಾಡು ಗಿಡ್ಡ ಉಂಟಲ್ಲ. ಅವು ಹೊರಗೇ ನಿಲ್ಲುತ್ತವೆ, ಒಳಗೆ ಬರುವುದಿಲ್ಲ" ಎಂದು ಅತ್ತೆ ಎಡಚಕ್ರವನ್ನೂ ಮುಗಿಸಿ ಅವನ ಕಡೆ ತಿರುಗಿದರು. ಅವನು ಒಂದು ಮಾತೂ ಆಡದೆ ಚಪ್ಪಲಿ ಬಿಟ್ಟು ಕಾಲು ಮುಂದೊಡ್ಡಿದ.

ಜ್ವರ

ಕಾರಣ ತಿಳಿಯಿತು, ಡಿಸ್ಕ್ ಮತ್ತೆ ಬದಲಾಯಿತು. ಆದರೆ ಅತ್ತೆಗೆ ಹೇಳುವವರು ಯಾರು? ಯಜಮಾನರನ್ನು ಕೇಳಿದೆ.

"ಅಮ್ಮನಿಗೆ ನಾನು ಹೇಳುವುದಾ?" ಎಂದರು. "ಅದಕ್ಕಿಂತ ಡ್ರೈವರನ್ನು ಇಡುವುದು ಸುಲಭ."

ಪಡುವಣದಲ್ಲಿ ಆಗಲೇ ಮೋಡ ಸೇರುತ್ತಿತ್ತು. ದೊಡ್ಡ ಡಾಕ್ಟರುಗಳಿಗೆ ಮುಖಕ್ಕೆ ಮುಖ ಕೊಟ್ಟು ಮಾತಾಡಿದವಳು ನಾನು. ಅತ್ತೆಯ ಎದುರು ಕಬ್ಬಿಣದ ಗುಣಧರ್ಮ ವಿವರಿಸುವ ಧೈರ್ಯ ಬರಲಿಲ್ಲ. ಕೊನೆಗೆ ನನಗೆ ತಿಳಿದ ಭಾಷೆಯಲ್ಲೇ ಹೇಳಿದೆ.

"ಅತ್ತೆ, ಅಷ್ಟು ದೂರ ಓಡಿಬರುವಾಗ ಚಕ್ರಕ್ಕೆ ಜ್ವರ ಬರುತ್ತದೆ. ಸುಡುವ ಮೈಗೆ ತಣ್ಣೀರು ಹೊಯ್ದರೆ ಕೀಲುಸಂದು ಸೊಟ್ಟವಾಗುತ್ತದೆ. ಅದಕ್ಕೇ ನಡುಕ."

ಅತ್ತೆ ಕರಗಿಹೋದರು. "ಪಾಪ. ಬಾಯಿ ಇಲ್ಲದ್ದು. ನನಗೆ ಮೊದಲೇ ಹೇಳಬಾರದಿತ್ತಾ?" ಎಂದು ಕಾರಿನ ಬಾನೆಟ್ಟನ್ನು ಸವರಿದರು.

ಆಮೇಲೆ ನಡುಕ ಬರಲಿಲ್ಲ. ಮೊದಲ ಮಳೆ ಹಿಡಿದ ದಿನ ಯಜಮಾನರು ಪರೀಕ್ಷೆ ಮಾಡಲೆಂದೇ ಪೇಟೆಯಿಂದ ನನ್ನ ಜೊತೆ ಹಿಂದಿನ ಸೀಟಿನಲ್ಲಿ ಬಂದರು. ಗಾಜಿನ ಮೇಲೆ ನೀರು ಹರಿದು ಲೋಕವೆಲ್ಲ ಹಸಿರಾಗಿ ಕರಗುತ್ತಿತ್ತು. ಕಡಿದಾದ ಇಳಿಜಾರಿನಲ್ಲಿ ಬ್ರೇಕು ಒತ್ತಿದೆ. ಸ್ಟಿಯರಿಂಗ್ ನನ್ನ ಕೈಯಲ್ಲಿ ಮಲಗಿದ ಹಾಗಿತ್ತು. "ಈಗ ಎಂತ ಹೇಳ್ತೀರಿ?" ಎಂದು ಕೇಳಿದೆ. ಕನ್ನಡಿಯಲ್ಲಿ ನೋಡಿದರೆ ಬಾಯಿ ತೆರೆದು ನಿದ್ದೆಹೋಗಿದ್ದರು. ಡ್ರೈವರನ ಮಾತು ಆ ಮನೆಯಲ್ಲಿ ಮತ್ತೆ ಏಳಲಿಲ್ಲ.

ಗೆದ್ದ ಸಂತೋಷದಲ್ಲಿ, ಒದ್ದೆಯಾಗಿ, ಚಳಿಯಲ್ಲಿ ನಾನು ಹಿತ್ತಿಲಿನಿಂದ ಬಚ್ಚಲಿಗೆ ಹೋದೆ. ಕೆಲವು ವಾರಗಳಿಂದ ಹಂಡೆಯ ಬಿಸಿನೀರು ಅರ್ಧಕ್ಕೆ ಇಳಿಯುತ್ತಿತ್ತು, ಯಾಕೆಂದು ತಿಳಿದಿರಲಿಲ್ಲ. ಅಂದು ಮುಚ್ಚಳ ತೆರೆದರೆ ತಳ ಕಾಣುತ್ತಿತ್ತು. ಕೆಳಗೆ ಕೆಂಡ ಮಾತ್ರ ಹೊಳೆಯುತ್ತಿತ್ತು.

"ಅತ್ತೆ, ಬಿಸಿನೀರು ಎಲ್ಲಿ ಹೋಯಿತು?"

ಅತ್ತೆ ಮುಂದಿನ ಮಾಡಿನ ಕಡೆಯಿಂದ ಬಂದರು. ಕೈಯಲ್ಲಿ ಚೆಂಬು, ಅದರ ಬಾಯಲ್ಲಿ ಇನ್ನೂ ಹಬೆ.

"ಕಾರಿಗೆ ಹಾಕಿದೆ. ದಿನಾ ಸ್ವಲ್ಪ ಹಾಕುವುದು, ಇವತ್ತು ಮಳೆಯಲ್ಲಿ ನೆನೆದದ್ದಲ್ಲವಾ, ನಾಲ್ಕು ಕಾಲಿಗೂ ಹಾಕಿದೆ" ಎಂದರು. ನನ್ನ ಹಣೆಗೆ ಅಂಗೈಯ ಹಿಂಬದಿ ಇಟ್ಟು ನೋಡಿದರು. "ನಿನಗೆ ಜ್ವರ ಎಂತದ್ದೂ ಇಲ್ಲ. ತಣ್ಣೀರಲ್ಲೇ ಮೀಯಿ."