ಕೆನಡಾಕ್ಕೆ ಕಳಿಸುವವನ ಕರ್ಮ

ಸೂಪರ್ ಮಾರ್ಕೆಟ್ ಎಂಬ ನಮ್ಮೂರ ಪೇಟೆಯಲ್ಲಿ ಬಟ್ಟೆ ಅಂಗಡಿಯೊಂದರ ಮಾಳಿಗೆ ಮೇಲೆ ನನ್ನ ಆಫೀಸಿತ್ತು. ಕೆನಡಾಕ್ಕೆ ಹೋಗಿ ನೆಲೆಸುವವರ ಅರ್ಜಿ ತುಂಬಿಸಿ, ಸಂದರ್ಶನಕ್ಕೆ ತಯಾರು ಮಾಡಿ ಕಳಿಸುವುದು ನನ್ನ ಧಂದೆ. ತೊಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಬಂದವರೆಲ್ಲ ದೇಶ ಬಿಡುವ ಮೊದಲು ನನಗೆ ಊರು ಬಿಡುವಷ್ಟು ಬೇಸರ ತರಿಸಿಯೇ ಹೋಗುತ್ತಿದ್ದರು.

೧. ಹತ್ತಿರದವರು

ಅಲ್ಲಿ ಹತ್ತಿರದ ಸಂಬಂಧಿಕರಿದ್ದರೆ ಅರ್ಜಿಗೆ ಅಂಕ ಹೆಚ್ಚು. ಮೋಮಿನಪುರದ ಫ್ರಿಜ್ ಮೆಕ್ಯಾನಿಕ್ ಒಬ್ಬ ತನಗೆ ಇದ್ದಾರೆ ಎಂದ. ಖುಷಿಯಾಗಿ, ಯಾರು ಎಂದು ಕೇಳಿದೆ. ಅವನ ಚಾಚಾನ ಅಳಿಯನ ಮನೆಯಲ್ಲಿ ಹಿಂದೆ ಬಾಡಿಗೆಗಿದ್ದವರಂತೆ. ಇವರೆಂಥ ಹತ್ತಿರದವರಪ್ಪ ಎಂದರೆ ಅವನಿಗೇ ಸಿಟ್ಟು ಬಂತು.

“ಭಾಳ ಹತ್ತರ ಇದ್ದಾರ ಸಾಬ್. ಏರ್‌ಪೋರ್ಟಿನಿಂದ ನಡಕೋಂತ ಹೋಗಬಹುದಂತ.”

೨. ಬಿಳಿ ಗೋಡೆ

ಕಾಲೇಜು ಮಾಸ್ತರನೊಬ್ಬ ಅರ್ಜಿಗೆಂದು ತನ್ನ ಫೋಟೋ ತಂದ. ಹಿಂದೆ ಸ್ಟುಡಿಯೋದವರು ಬರೆದ ಜಲಪಾತ. ಹಿಂದಿನ ಗೋಡೆ ಬೆಳ್ಳಗಿರಬೇಕು, ನಗಬಾರದು ಎಂದು ಹೇಳಿ ಕಳಿಸಿದೆ. ಸ್ಟುಡಿಯೋ ಬದಲಿಸುವುದು ಬಿಟ್ಟು ಅವನು ಇಡೀ ಮನೆಗೆ ಸುಣ್ಣ ಹೊಡೆಸಿದ. ಸುಣ್ಣ ಕಂಡ ಓಣಿಯವರು ಇವನಿಗೆ ಲಗ್ನ ಇರಬೇಕೆಂದರು. ಸುದ್ದಿ ಕೇಳಿ ಒಬ್ಬರು ಓಡಿಬಂದು ನಮ್ಮ ಹುಡುಗಿಯನ್ನೂ ಒಮ್ಮೆ ನೋಡಿ ಎಂದರು. ಇವನು ಹೋಗಿ ನೋಡಿದ, ನಿಶ್ಚಯವೇ ಆಗಿಹೋಯಿತು.

ತಿಂಗಳ ಮೇಲೆ ಫೋಟೋ ತಂದ. ಗೋಡೆ ಹಾಲಿನಂತೆ ಬೆಳ್ಳಗಿತ್ತು, ಆದರೆ ಅವನು ಹಲ್ಲು ಕಿಸಿದಿದ್ದ. ನಗಬೇಡ ಅಂದಿದ್ದೆನಲ್ಲ ಎಂದು ರೇಗಿದೆ.

“ನಿಶ್ಚಯ ಆದ ಮರುದಿನ ತಗಸೀನ್ರಿ. ತಡಕೊಳ್ಳಾಕ ಆಗಲಿಲ್ಲ.”

೩. ಒಡಪು

ಕಪನೂರಿನ ಕಾರ್ಖಾನೆಯಲ್ಲಿ ಫಿಟರ್ ಆಗಿದ್ದವನಿಗೂ ಕೆಂಪು ಬಾಳೆಯ ಊರು ಕಮಲಾಪುರದ ಅವನ ಹೆಂಡತಿಗೂ ದಿಲ್ಲಿಯಿಂದ ಸಂದರ್ಶನಕ್ಕೆ ಕರೆ ಬಂತು. ಗಂಡನಿಗೆ ಇಂಗ್ಲಿಷ್ ಉತ್ತರಗಳನ್ನು ಅರೆದು ಕುಡಿಸಿದೆ. ಹೆಂಡತಿಗೆ ಹೇಳಿಕೊಟ್ಟಿದ್ದು ಒಂದೇ: ಗಂಡನ ಹೆಸರು ಕೇಳಿದರೆ ಥಟ್ಟನೆ ಹೇಳಬೇಕು, ಇಲ್ಲದಿದ್ದರೆ ಸುಳ್ಳು ಮದುವೆ ಎಂದು ಅರ್ಜಿ ತಳ್ಳಿಹಾಕುತ್ತಾರೆ. ನಮ್ಮ ಕಡೆ ಹೆಂಗಸರು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ, ಪ್ರಾಸ ಕಟ್ಟಿ ಒಡಪಿನಲ್ಲಿ ಹೇಳುತ್ತಾರೆ. ಆಯ್ತ್ರಿ ಎಂದು ತಲೆಯಾಡಿಸಿ ಹೋದಳು.

ಮುಂದಿನದು ಗಂಡ ತಿರುಗಿ ಬಂದು ಹೇಳಿದ್ದು. ಅಧಿಕಾರಿ ಅವಳನ್ನು ಗಂಡನ ಹೆಸರು ಕೇಳಿದ. ಅವಳು ನೆಲ ನೋಡುತ್ತ ಕೂತಳು. ಅಧಿಕಾರಿಯ ಮುಖ ಬಿಗಿಯಿತು. ಕೊನೆಗೆ ಸೆರಗು ಸರಿಮಾಡಿಕೊಂಡು ಒಡಪು ಹಾಕಿಯೇಬಿಟ್ಟಳು:

“ಕಮಲಾಪುರದ ಬಾಳಿಗೊನಿ ಕೆಂಪಗ ಕೆಂಪಗ,
ಶಿವಶರಣಪ್ಪ ಇದ್ರ ಮನಿ ತಂಪಗ ತಂಪಗ.”

ದುಭಾಷಿ ಅದನ್ನು ಅಕ್ಷರಶಃ ಇಂಗ್ಲಿಷಿಗೆ ತಂದ. ಬಾಳೆಹಣ್ಣಿನ ವ್ಯಾಪಾರದ ವಿಷಯ ಅರ್ಜಿಯಲ್ಲಿ ಯಾಕಿಲ್ಲ ಎಂದು ಅಧಿಕಾರಿ ಕೇಳಿದನಂತೆ. ದುಭಾಷಿ ಪದ್ಧತಿ ವಿವರಿಸಿದ ಮೇಲೆ ಅಧಿಕಾರಿ ಗಂಡನ ಕಡೆ ತಿರುಗಿ, ಹಾಗಾದರೆ ನೀನೂ ಹೆಂಡತಿಯ ಹೆಸರು ಹಾಗೇ ಹೇಳು ಎಂದ. ಇವನಿಗೆ ನನ್ನ ಇಂಗ್ಲಿಷ್ ಉತ್ತರಗಳೆಲ್ಲ ಮರೆತುಹೋಗಿ, ಒಂದರ ಅರ್ಥ ಮಾತ್ರ ತಲೆಯಲ್ಲಿ ಉಳಿದಿತ್ತು. ಅದನ್ನೇ ಜೋಡಿಸಿದ:

“ನಿಮ್ಮ ದೇಶದ ಕಾಯ್ದೆ ಪಾಲಸ್ತೀನಿ,
ಕಸ್ತೂರಿ ಹೇಳಿದ್ಹಂಗ ಕೇಳ್ತೀನಿ.”

ಅಧಿಕಾರಿ ನಕ್ಕು ಒಪ್ಪಿಗೆ ಕೊಟ್ಟ. ಊರಿಗೆಲ್ಲ ಸುದ್ದಿಯಾಯಿತು. ಮರುವಾರ ಹೊಸ ಜೋಡಿಯೊಂದು ಬಂತು. ಇಂಗ್ಲಿಷ್ ಪಾಠದ ಪುಸ್ತಕ ತೆಗೆದೆ. ಗಂಡ ಅದನ್ನು ಮೆಲ್ಲಗೆ ಮುಚ್ಚಿದ.

“ಇದು ಇರ್ಲಿರಿ ಸರ. ನಮಗೂ ಎರಡು ಒಡಪು ಕಟ್ಟಿಕೊಡ್ರಿ.”