ಊಟಕ್ಕೆ ಕರೆಯುವ ಧಾಟಿಗಳು

ಮಕ್ಕಳೇ, ನಮ್ಮ ಜೊತೆಗೇ ಇರುವ ನಿಮ್ಮ ಚಿಕ್ಕಜ್ಜ, ಅಂದರೆ ನನ್ನ ಮೈದುನ, ಯಾರ ಮುಖವನ್ನೂ ನೋಡುವುದಿಲ್ಲ. ನೋಡುವುದು ನಾಲಿಗೆಯನ್ನು! ಗಲ್ಫಿನ ಈ ಊರಿನ ದೇರಾ ಪೇಟೆಯಲ್ಲಿ ಏಲಕ್ಕಿ, ಲವಂಗ ಮಾರುವವನಿಗೆ ಟರ್ಕಿಯವರ ಮಾತು, ಸ್ಪೇನ್ ಕಡೆಯ ಕತಲಾನ್ ಮಾತು ಊರಿಂದೂರಿಗೆ ಹೇಗೆ ಬದಲಾಗುತ್ತದೆಂದು ತಿಳಿದು ಏನಾಗಬೇಕು? ಕೇಳಬೇಡಿ. ಕೇಳಿದವರ ಅನ್ನ ತಣ್ಣಗಾಗಿದೆ.

ಅವನ ಪರೀಕ್ಷೆ ಒಂದೇ. ನಿನ್ನ ಅಮ್ಮ ಊಟಕ್ಕೆ ಹೇಗೆ ಕರೆಯುತ್ತಿದ್ದಳು?

ನಮ್ಮ ಅಲ್ ನಹ್ದಾ ಕಟ್ಟಡದ ಕೆಳಗಿನ ಸಲೂನಿನವನು ಟರ್ಕಿಯ ಕಪ್ಪು ಸಮುದ್ರದ ಕಡೆಯವನು. ಆ ಕಡೆಯ ಮಾತಿಗೆ ಪೇಟೆಯವರು ನಗುತ್ತಾರೆಂದು ಅಂಗಡಿಯಲ್ಲಿ ಬರೀ ಇಸ್ತಾಂಬುಲ್ ಧಾಟಿ. ಇವನು ಕೇಳಿದ್ದೇ ತಡ, ಆತ ಕತ್ತರಿ ಕೆಳಗಿಟ್ಟು, ಊರಿನ ಧಾಟಿಯಲ್ಲಿ ಕೂಗಿ ತೋರಿಸಿ, ಅಮ್ಮನಿಗೆ ಫೋನು ಮಾಡಲು ಹೊರಗೆ ಹೋದವನು ಬರಲೇ ಇಲ್ಲ. ಮೈದುನ ಅರ್ಧ ಕತ್ತರಿಸಿದ ತಲೆಯಲ್ಲೇ ಮನೆಗೆ ಬಂದ!

"ಇದೆಂತ ಅವತಾರ ಮಾರಾಯ?"

"ಕೂದ್ಲ್ ಮತ್ತೆ ಬತ್ತ್ ಅತ್ಗೆ. ಅವ್ರಲ್ಲೂ ನಮ್ಮಂತೋರ್ ಇದ್ರ್!"

ಆಮೇಲೆ ಮೂರನೇ ಮಹಡಿಯಲ್ಲಿರುವ, ಸ್ಪೇನಿನ ಇಬ್ಬರು ಟೀಚರುಗಳನ್ನು ಚಹಾಕ್ಕೆ ಕರೆದ. ಬಾರ್ಸಿಲೋನಾದವಳು ಸ್ವರಗಳನ್ನು ಅರ್ಧ ನುಂಗಿ ಕೂಗಿದಳು. ವೇಲೆನ್ಸಿಯಾದವಳು ಒಂದನ್ನೂ ಬಿಡದೆ ಕೂಗಿದಳು. ಇವನು ಸುಮ್ಮನಿರಬಾರದೇ? "ಎರಡೂ ಒಂದೇ ಭಾಷೆಯಲ್ಲವೇ?" ಎಂದು ತನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದ. ಒಬ್ಬಳು ಹೌದೆಂದಳು, ಇನ್ನೊಬ್ಬಳು ತನ್ನದು ಕತಲಾನ್ ಅಲ್ಲ, ವೇಲೆನ್ಸಿಯನ್ ಎಂದಳು. ಮತ್ತೆ ಮತ್ತೆ ಚಹಾ ಕಾಸಿದೆ, ಜಗಳ ಆರಲಿಲ್ಲ. ಕೊನೆಗೆ ಇಬ್ಬರೂ ಒಪ್ಪಿದ್ದು ಒಂದೇ: ಈ ಮನೆಗೆ ಇನ್ನು ಬರಬಾರದು! ನನ್ನ ಮೊಣಕಾಲಿಗೆ ಅದೇ ಉಪಕಾರ.

ಯಾರೂ ಸಿಗದಾಗ ನನ್ನ ಕಡೆ ತಿರುಗಿದ.

"ಮಕ್ಳ್ ಹತ್ರ ಎಂತಕೆ ಪುಸ್ತಕದ ಕನ್ನಡ ಅತ್ಗೆ? ನಮ್ಮ ಕುಂದಾಪ್ರದ್ದ್ ಎಲ್ ಹೋಯ್ತ್?"

"ಸುಮ್ನಿರಾ" ಎಂದೆ. ನಾನು ಊರಿನಿಂದ ಇಲ್ಲಿಗೆ ಬಂದ ಹೊಸದರಲ್ಲಿ ನನ್ನ ಮಾತಿಗೆ ನೀವು ನಕ್ಕಿದ್ದಿರಿ. ಚಿಕ್ಕವರು, ತಪ್ಪಿಲ್ಲ. ಅಂದಿನಿಂದ ಒಂದೊಂದು ಮಾತನ್ನೂ ಒಗೆದು ಹಿಂಡಿ ಹೊರಗೆ ಬಿಡುತ್ತಿದ್ದೇನೆ. ಸಂಜೆಯಾಗುವಷ್ಟರಲ್ಲಿ ಸಾಕಾಗಿಬಿಡುತ್ತದೆ.

ಮೊನ್ನೆ ರಜೆಯ ದಿನ ಮಧ್ಯಾಹ್ನ ಅಡುಗೆಮನೆಯ ಬಾಗಿಲಲ್ಲಿ ನೆಲದ ಮೇಲೆಯೇ ಕುಳಿತ.

"ಅತ್ಗೆ, ನಮ್ಮ ಅಮ್ಮ ಹ್ಯಾಂಗೆ ಕರೀತಿದ್ಳ್?"

"ನಿಂಗೊತ್ತಿಲ್ಯಾ?"

"ಸಣ್ಣದ್ರಲ್ಲೇ ಇಲ್ಲಿಗ್ ಬಂದೆ ಅಲ್ದಾ? ಮಾತ್ ನೆನಪಿತ್ತ್. ಸ್ವರ ಮರ್ತ್ ಹೋಯ್ತ್."

ಅತ್ತೆಯ ಕೂಗು ಕಿವಿಯಲ್ಲಿ ಉಳಿದಿರುವುದು ಈಗ ನನಗೊಬ್ಬಳಿಗೆ. ಹಾಲ್‌ನಲ್ಲಿ ನೀವೆಲ್ಲ ಫೋನು ಹಿಡಿದು ಕುಳಿತಿದ್ದಿರಿ. ನಾಚಿಕೆಯಾಯಿತು. ಕಣ್ಣು ಮುಚ್ಚಿ, ಗಟ್ಟಿಯಾಗಿ ಕೂಗಿದೆ:

"ಹ್ವಾಯ್ ಮಗಾ, ಉಂಬುಕೆ ಬಾ! ಗಂಜಿ ತಣ್ದ್ ಹೋತ್ತ್!"

ಯಾರೂ ನಗಲಿಲ್ಲ. ಅವನು ಗೋಡೆಗೆ ತಲೆ ಒರಗಿಸಿ ಕುಳಿತಿದ್ದ. ನಿಮ್ಮಲ್ಲಿ ಚಿಕ್ಕವಳು ಎದ್ದು ಬಂದು ಅವನ ತೊಡೆಯ ಮೇಲೆ ಕುಳಿತು, "ಅಜ್ಜಿ, ಮೀ ಆಲ್ಸೋ! ಹಾಗೇ ಕರಿ" ಎಂದಳು.

ಈ ಸಲ ಕಣ್ಣು ಮುಚ್ಚದೆ ಕರೆದೆ.