ಕಣ್ಣು ಮುಚ್ಚಿದ ಫೋಟೊಗಳು

ಮೂಡುಬಿದಿರೆ ಬಸ್‌ಸ್ಟ್ಯಾಂಡಿನ ಎದುರು, ಹೋಟೆಲಿನ ಮೇಲಿನ ಮಾಳಿಗೆಯಲ್ಲಿ ನನ್ನ ಸ್ಟುಡಿಯೊ. ಮೇಲೆ ನಾನು ಕ್ಯಾಮೆರಾ ಒತ್ತುವುದಕ್ಕೂ ಕೆಳಗೆ ಬಸ್ಸು ಹಾರ್ನ್ ಹೊಡೆಯುವುದಕ್ಕೂ ಸರಿಹೋಗುತ್ತದೆ. ಗಿರಾಕಿ ಕಣ್ಣು ಮುಚ್ಚುತ್ತಾರೆ. ಹೀಗಾಗದ ದಿನವೇ ಇಲ್ಲ. ಮೊದಲೆಲ್ಲ ಈ ರೆಪ್ಪೆಗಳ ಮೇಲೆ ನನಗೆ ವಿಪರೀತ ಕೋಪವಿತ್ತು. ಈಗ ಅವುಗಳ ಉಪಕಾರ ನೆನೆಯುತ್ತೇನೆ.

ಏಳು ಹಾರ್ನ್

ಸೌದಿಯಿಂದ ರಜೆಗೆ ಬಂದ ಬ್ಯಾರಿ ಕಾಕ ಒಬ್ಬರು ಹೆಂಡತಿಯೊಂದಿಗೆ ಪಾಸ್‌ಪೋರ್ಟ್ ಫೋಟೊಕ್ಕೆ ಬಂದರು. ಏಳು ಸಲ ತೆಗೆದೆ. ಏಳು ಸಲವೂ ಹಾರ್ನ್, ಏಳು ಸಲವೂ ಕಣ್ಣು ಮುಚ್ಚಿತ್ತು.

"ಕಾಕ, ಸ್ವಲ್ಪ ಮನಸ್ಸು ಗಟ್ಟಿ ಮಾಡಿ," ಎಂದೆ.

"ಮನಸ್ಸು ಗಟ್ಟಿಯೇ ಉಂಟು. ರೆಪ್ಪೆ ನನ್ನ ಮಾತು ಕೇಳುದಿಲ್ಲ," ಎಂದರು.

ಮೂಲೆಯಲ್ಲಿ ಕೂತಿದ್ದ ಹೆಂಡತಿ ಹೇಳಿದರು, "ಹಾರ್ನ್ ಆದ ಮೇಲೆ ತೆಗೀರಿ. ಮುಚ್ಚಿದ ಕಣ್ಣು ತೆರೀಲೇಬೇಕಲ್ಲ?"

ಎಂಟನೆಯದು ಚಂದ ಬಂತು. ಆ ತಾಯಿಗೆ ಪುಣ್ಯ ಬರಲಿ. ಅಂದಿನಿಂದ ನಾನು ಹಾರ್ನಿಗೆ ಕಾಯುವುದಿಲ್ಲ. ನಾನೇ ಸ್ಟೀಲಿನ ಬಟ್ಟಲಿಗೆ ಸೌಟಿನಿಂದ ಬಾರಿಸುತ್ತೇನೆ. ರೆಪ್ಪೆ ಮುಚ್ಚಿ ತೆರೆದ ಮೇಲೆ ಕ್ಲಿಕ್.

ಕೆಳಗಿನ ಹೋಟೆಲಿನವರು ಮಾತ್ರ ಒಂದು ದಿನ ಬಂದು ಹೇಳಿದರು, "ಮೇಲೆಯೂ ಊಟ ಸಿಗ್ತದಾ ಅಂತ ನಮ್ಮ ಗಿರಾಕಿಗಳು ಕೇಳ್ತಾರೆ ಮಾರಾಯ್ರೆ."

ಧಾರೆಯ ಹೊತ್ತಿನ ಗರ್ನಾಲು

ವಾಮದಪದವಿನಲ್ಲಿ ಒಂದು ಮದುವೆ. ದಿಬ್ಬಣಕ್ಕೆ ಹೊಡೆದು ಉಳಿದಿದ್ದ ಗರ್ನಾಲು ಪಟಾಕಿಯನ್ನು ಯಾರೋ ಉತ್ಸಾಹಿಗಳು ಸರಿಯಾಗಿ ಧಾರೆ ಎರೆಯುವ ಹೊತ್ತಿಗೆ ಚಪ್ಪರದ ಪಕ್ಕದಲ್ಲೇ ಸಿಡಿಸಿದರು. ನಾನು ಕ್ಯಾಮೆರಾ ಒತ್ತಿದ್ದೂ ಆಗಲೇ. ಚೂರೊಂದು ಹಾರಿ ಬಂದು ನನ್ನ ಕಣ್ಣಿಗೇ ಬಡಿಯಿತು. ಫೋಟೊ ತೆಗೆಯುವವನಿಗೆ ಕಣ್ಣು ಹೋದರೆ ಮತ್ತೆ ಉಳಿಯುವುದೇನು? ಬಂಟ್ವಾಳದ ಕಣ್ಣಿನ ಡಾಕ್ಟರರ ಹತ್ತಿರ ಓಡಿದೆ.

"ಗಾಯ ರೆಪ್ಪೆಗೆ ಮಾತ್ರ," ಎಂದರು ಅವರು. "ದೊಡ್ಡ ಶಬ್ದ ಕಿವಿಗೆ ಬಿದ್ದ ಕೂಡಲೇ, ಏನಾದರೂ ಹಾರಿ ಬಂದೀತು ಅಂತ ರೆಪ್ಪೆ ತಾನಾಗಿ ಮುಚ್ಚಿಕೊಳ್ತದೆ. ನಿಮ್ಮ ಅಪ್ಪಣೆಗೆ ಕಾಯುದಿಲ್ಲ. ಕಾದಿದ್ರೆ ಕಣ್ಣು ಹೋಗ್ತಿತ್ತು."

ಡಾಕ್ಟರಿಗೂ ರೆಪ್ಪೆಗೂ ಒಟ್ಟಿಗೇ ಕೈಮುಗಿದೆ. ಆದರೆ ಧಾರೆಯ ಫೋಟೊದಲ್ಲಿ ಮದುಮಗಳು, ಮದುಮಗ, ಪುರೋಹಿತರು, ಎಲ್ಲರ ಕಣ್ಣೂ ಮುಚ್ಚಿದೆ. ಹೆದರುತ್ತಲೇ ಆಲ್ಬಮ್ ಕೊಟ್ಟೆ. ಮದುಮಗಳ ತಂದೆ ತುಂಬ ಹೊತ್ತು ನೋಡಿದರು.

"ಈ ಕಾಲದಲ್ಲಿಯೂ ಎಷ್ಟು ಭಕ್ತಿ ನೋಡಿ," ಎಂದರು.

ಹೆದರದ ಮಗು

ನೆರಿಯ ಎಂಬ ಊರ ಕಡೆಯ ಅಜ್ಜಿಯೊಬ್ಬರು ಮಗಳನ್ನೂ ಎಂಟು ತಿಂಗಳ ಮೊಮ್ಮಗಳನ್ನೂ ಕರೆದುಕೊಂಡು ಬಂದರು. ಬಟ್ಟಲು ಬಾರಿಸಿದೆ. ಮಗು ಕಣ್ಣು ಮಿಟುಕಿಸಲಿಲ್ಲ.

"ನಮ್ಮ ಮಗುವಿಗೆ ಹೆದರಿಕೆಯೇ ಇಲ್ಲ," ಎಂದರು ಅಜ್ಜಿ, ಹೆಮ್ಮೆಯಿಂದ.

ನನಗೆ ಡಾಕ್ಟರರ ಮಾತು ನೆನಪಾಯಿತು. ಮಗುವಿನ ಬೆನ್ನ ಹಿಂದೆ ನಿಂತು ಇನ್ನೂ ಜೋರಾಗಿ ಬಾರಿಸಿದೆ. ಅಜ್ಜಿ ಬೆಚ್ಚಿದರು, ತಾಯಿ ಬೆಚ್ಚಿದಳು. ಮಗು ತನ್ನಷ್ಟಕ್ಕೆ ಬೆರಳು ಚೀಪುತ್ತಿತ್ತು. ಹೇಳಲೋ ಬೇಡವೋ ಎಂದು ಯೋಚಿಸುತ್ತ ಸೌಟು ಕೆಳಗಿಟ್ಟೆ. ಕೊನೆಗೆ, "ಒಮ್ಮೆ ಕಿವಿಯ ಡಾಕ್ಟರಿಗೆ ತೋರಿಸಿ ಅಮ್ಮ," ಎಂದೆ.

"ನಾವು ಬಂದದ್ದು ಫೋಟೊಕ್ಕೆ," ಎಂದು ಅಜ್ಜಿ ಮಗುವನ್ನೆತ್ತಿಕೊಂಡು ಮೆಟ್ಟಿಲಿಳಿದೇ ಬಿಟ್ಟರು.

ಕೆಲವು ತಿಂಗಳ ಮೇಲೆ ಮೂವರೂ ಮತ್ತೆ ಬಂದರು. ಮಗುವಿನ ಕಿವಿಗಳ ಹಿಂದೆ ಪುಟ್ಟ ಯಂತ್ರಗಳಿದ್ದವು.

"ಅವತ್ತು ಬೈದುಕೊಂಡು ಹೋದೆ," ಎಂದರು ಅಜ್ಜಿ. "ಬೇಗ ಗೊತ್ತಾದದ್ದು ಒಳ್ಳೇದಾಯ್ತು ಅಂತ ಡಾಕ್ಟರು ಹೇಳಿದ್ರು. ಈಗ ಬಾರಿಸಿ. ಮೆಲ್ಲ, ಯಂತ್ರ ಉಂಟು."

ಮೆಲ್ಲಗೆ ಬಾರಿಸಿದೆ. ಮಗು ಪಟ್ಟನೆ ಕಣ್ಣು ಮುಚ್ಚಿತು. ಸಂತೋಷದಲ್ಲಿ ನನ್ನ ಕ್ರಮವೇ ಮರೆತುಹೋಗಿ ಆ ಕ್ಷಣಕ್ಕೇ ಕ್ಲಿಕ್ ಮಾಡಿಬಿಟ್ಟೆ. ನೋಡಿದರೆ ಮಗುವಿನ ಕಣ್ಣು ಮುಚ್ಚಿದೆ, ತಾಯಿ ಅಳುತ್ತಿದ್ದಾಳೆ, ಅಜ್ಜಿಯ ಬಾಯಿ ಪೂರ್ತಿ ತೆರೆದಿದೆ.

"ಇನ್ನೊಂದು ತೆಗೆಯುವ," ಎಂದೆ.

"ಬೇಡ," ಎಂದರು ಅಜ್ಜಿ. "ಕಣ್ಣು ಬಿಟ್ಟದ್ದು ಮೊಬೈಲಿನಲ್ಲಿ ಬೇಕಾದಷ್ಟು ಉಂಟು. ಕೇಳಿ ಮುಚ್ಚಿದ್ದು ಇದೊಂದೇ. ಇದನ್ನೇ ದೊಡ್ಡದು ಮಾಡಿ. ನಿಮ್ಮ ಬಾಗಿಲಿಗೂ ಒಂದು ತೂಗುಹಾಕಿ."

ತೂಗುಹಾಕಿದ್ದೇನೆ. ನಾನು ತೆಗೆದದ್ದರಲ್ಲಿ ಅಷ್ಟು ಒಳ್ಳೆಯ ಫೋಟೊ ಇನ್ನೊಂದಿಲ್ಲ. ಮೊನ್ನೆ ಮೆಟ್ಟಿಲು ಹತ್ತಿ ಬಂದ ಕಾಲೇಜು ಹುಡುಗಿಯೊಬ್ಬಳು ಅದನ್ನು ನೋಡಿ ಗೆಳತಿಯ ಕೈ ಹಿಡಿದೆಳೆದಳು.

"ಬಾ, ಬೇರೆ ಕಡೆ ಹೋಗುವ. ಇವರು ಬಾಗಿಲಿಗೆ ಹಾಕಿದ್ದೇ ಹೀಗುಂಟು, ಒಳಗಿನದ್ದು ಹೇಗಿರಬಹುದು?"